ದಯವಿಟ್ಟು ನನ್ನನ್ನು ಹೊರಗಿಡಿ

ಅಂಗಾಂಗ ಕಸಿಗೆ ಕಾಯುವವರ ಪಟ್ಟಿಯನ್ನು ನೋಡಿಕೊಳ್ಳುವ ನಿರ್ದೇಶಕರಾದ ಮಾನ್ಯರೇ,

ಆ ಪಟ್ಟಿ ಇರುವ ನಿಮ್ಮ ಸರ್ವರಿನೊಳಗೆ ನಾನು ಈಗಲೂ ನುಗ್ಗಬಲ್ಲೆ. ದಯವಿಟ್ಟು ಬಾಗಿಲು ಹಾಕಿ. ಕಳ್ಳನಾಗಬಲ್ಲವನೇ ಬಂದು ‘ಬೀಗ ಹಾಕಿ’ ಎಂದು ಗೋಗರೆದರೂ ನೀವು ಜಗ್ಗಲಿಲ್ಲ, ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಪಾಸ್‌ವರ್ಡ್ ಏನೆಂದು ಇಲ್ಲಿ ಹೇಳುವುದಿಲ್ಲ. ಹೇಳಿದ್ದರಾದರೂ ಬದಲಾಯಿಸುತ್ತಿದ್ದಿರೇನೋ.

ಆ ಲಿನಕ್ಸ್ ಸರ್ವರನ್ನು ಸಿದ್ಧಪಡಿಸಿಕೊಟ್ಟ ಕಂಪನಿಯಲ್ಲಿ ನಾನಿದ್ದೆ. ಗುತ್ತಿಗೆ ಮುಗಿಯಿತು, ಕಂಪನಿ ಮುಚ್ಚಿತು, ನಾವೆಲ್ಲ ದಿಕ್ಕಾಪಾಲಾದೆವು. ಯಂತ್ರದ ಮೇಲೆ ಸರ್ವಾಧಿಕಾರ ಕೊಡುವ ‘ರೂಟ್’ ಖಾತೆಯ ಪಾಸ್‌ವರ್ಡ್ ಮಾತ್ರ ನಿಮ್ಮಲ್ಲಿ ಹಾಗೇ ಉಳಿಯಿತು, ನಮ್ಮೆಲ್ಲರ ತಲೆಯಲ್ಲೂ ಉಳಿಯಿತು. ಈಚೆಗೊಮ್ಮೆ ನನ್ನ ಈಗಿನ ಕಚೇರಿಯ ಯಂತ್ರಕ್ಕೆ ಹೋಗಬೇಕಾದವನು ಬೆರಳುಗಳ ಹಳೇ ಚಾಳಿಯಿಂದ ನಿಮ್ಮ ಸರ್ವರಿನ ವಿಳಾಸ ಒತ್ತಿದೆ, ಪಾಸ್‌ವರ್ಡನ್ನೂ ಒತ್ತಿದೆ. ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತಿದ್ದ ನನ್ನನ್ನು ನಿಮ್ಮ ಸರ್ವರ್ ಮನೆ ಅಳಿಯನಂತೆ ಬರಮಾಡಿಕೊಂಡಿತು. ಕೂಡಲೇ ಹೊರಬಂದು ನಿಮಗೆ ತಿಳಿಸಿದೆ.

ನೀವೇನು ಮಾಡಿದಿರಿ? ನನಗೇ ನೋಟಿಸ್ ಕಳಿಸಿದಿರಿ, ಇನ್ನು ಮುಂದೆ ನನಗೆ ಪ್ರವೇಶ ನಿಷೇಧಿಸಲಾಗಿದೆ ಎಂದು. ಮೊಹರು ಅಂದವಾಗಿಯೇ ಬಿದ್ದಿದೆ. ಆದರೆ ಸ್ವಾಮಿ, ನಿಷೇಧದ ಸಂಗತಿಯನ್ನು ನನಗೆ ತಿಳಿಸಿದಿರಿ, ಯಂತ್ರಕ್ಕೆ ತಿಳಿಸಿದವರು ಯಾರು? ನಿಮ್ಮ ಸಹಾಯಕರಿಗೆ ಫೋನ್ ಮಾಡಿ ಕೇಳಿದೆ. “ಆ ಪಾಸ್‌ವರ್ಡ್ ನೀವು ಮರೆತುಬಿಡಿ ಸಾರ್,” ಅಂದರು. “ಬದಲಾಯಿಸಿದ್ರೆ ನಮ್ಮ ಸಾಹೇಬ್ರಿಗೆ ಹೊಸದು ನೆನಪಿಟ್ಕೊಳ್ಳೋದು ಕಷ್ಟ ಆಗುತ್ತೆ.” ಎಂಥ ಘನಂದಾರಿ ಭದ್ರತಾ ನೀತಿ. ಸಾಹೇಬರು ನೆನಪಿಡುವ ಕಷ್ಟ ಪಡಬಾರದು, ಉಳಿದವರೆಲ್ಲ ಮರೆಯುವ ಕಷ್ಟ ಪಡಬೇಕು.

ಖುದ್ದಾಗಿ ಹೇಳೋಣವೆಂದು ನಿಮ್ಮ ಕಚೇರಿಗೂ ಬಂದೆ. ಗೇಟಿನಲ್ಲಿ ಚೀಲ ಜಾಲಾಡಿದರು, ನೀರಿನ ಬಾಟಲಿ ಕಿತ್ತಿಟ್ಟುಕೊಂಡರು. ಸರ್ವರ್ ಕೋಣೆಗೆ ಬೆರಳಚ್ಚಿನ ಬೀಗ ಹಾಕಿಸಿದ್ದೀರಂತೆ, ಅದರ ಉದ್ಘಾಟನೆಯ ಫೋಟೋ ಗೋಡೆಯ ಮೇಲಿತ್ತು. ನಿಮ್ಮ ಭೇಟಿ ಮಾತ್ರ ಸಿಗಲಿಲ್ಲ. ನಿಮ್ಮ ಯಂತ್ರವನ್ನು ಕಾಣುವುದಕ್ಕಿಂತ ನಿಮ್ಮನ್ನು ಕಾಣುವುದೇ ಕಷ್ಟ.

ಇವನಿಗೇಕೆ ಇಷ್ಟು ಉರಿ ಎನ್ನುವಿರಾ? ಆ ಪಟ್ಟಿಯಲ್ಲಿ ನನ್ನ ಅಕ್ಕ ಇದ್ದಾಳೆ, ಮೂತ್ರಪಿಂಡಕ್ಕಾಗಿ ಕಾಯುತ್ತಿದ್ದಾಳೆ. ಕಳೆದ ತಿಂಗಳು ಅವಳ ಸರದಿ ಹಿಂದಕ್ಕೆ ಹೋಯಿತು. ವೈದ್ಯಕೀಯ ಕಾರಣವಿದ್ದೀತು, ನಂಬಲು ನಾನು ಸಿದ್ಧ. ಆದರೆ ಒಳಹೋಗುವವರೆಲ್ಲ ಎಲ್ಲಿಂದ ಬೇಕಾದರೂ ‘ರೂಟ್’ ಎಂಬ ಒಂದೇ ಹೆಸರಿನಲ್ಲಿ ಹೋಗುವಾಗ, ಅವಳನ್ನು ಹಿಂದೆ ಸರಿಸಿದ ಕೈ ಡಾಕ್ಟರದೋ ದಲ್ಲಾಳಿಯದೋ ಎಂದು ನೀವು ಹೇಗೆ ಹೇಳುತ್ತೀರಿ?

ಪಟ್ಟಿ ತಿದ್ದುವುದು ನನ್ನ ಕೈಯಲ್ಲಿದೆಯೆಂದು ಭಾವನಿಗೆ ಗೊತ್ತಾಗಿದೆ. “ನಿನ್ನಿಂದ ಆಗುತ್ತೆ, ಆದ್ರೂ ಮಾಡಲ್ಲ ಅಂತೀಯ. ಅವಳು ನಿನ್ನ ಒಡಹುಟ್ಟಿದವಳು ಅಲ್ವೇನೋ?” ಅಂದರು. ಮಲಗಿದ್ದ ಅಕ್ಕನೇ ಅಂದಳು, “ನನ್ನ ಮುಂದಿರೋರಿಗೂ ಒಬ್ಬ ತಮ್ಮ ಇರ್ತಾನೆ ಕಣ್ರೀ. ಸುಮ್ನಿರಿ.” ಅಂದಿನಿಂದ ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಪಾಸ್‌ವರ್ಡ್ ಬದಲಾಯಿಸಿ. ರೂಟ್ ಖಾತೆಗೆ ಹೊರಗಿನಿಂದ ನೇರವಾಗಿ ಬರುವುದನ್ನು ನಿಲ್ಲಿಸಿ. ಒಳಹೋಗುವ ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ, ಅವರವರದೇ ಕೀಲಿ ಕೊಡಿ, ಯಾರು ಏನು ಮುಟ್ಟಿದರೆಂದು ಆಗ ತಿಳಿಯುತ್ತದೆ. ನಿಮ್ಮ ಕಚೇರಿಯ ಜಾಲದ ಆಚೆಯವರಿಗೆ ಬಾಗಿಲೇ ಕಾಣದಂತೆ ಮಾಡಿ. ಬಲ್ಲವರಿಗೆ ಇದು ಅರ್ಧ ದಿನದ ಕೆಲಸ. ಅಲ್ಲಿಯತನಕ ಆ ಪಟ್ಟಿಯನ್ನು ಕಾಯುತ್ತಿರುವುದು ನಿಮ್ಮ ಬೆರಳಚ್ಚಿನ ಬೀಗವಲ್ಲ, ನನ್ನಂಥವರ ಒಳ್ಳೆಯತನ. ಅಕ್ಕನ ಮುಖ ದಿನೇದಿನೇ ಊದುತ್ತಿದೆ. ನನ್ನ ಒಳ್ಳೆಯತನದ ಮೇಲೆ ಈಗ ನನಗೇ ಮೊದಲಿನಷ್ಟು ಭರವಸೆಯಿಲ್ಲ.

ಇಂತಿ,
ನಿಮ್ಮಿಂದ ನಿಷೇಧಿತನಾದ, ಇನ್ನೂ ಏನನ್ನೂ ಮರೆಯಲಾಗದ
ಒಬ್ಬಳ ತಮ್ಮ