ಬಾಡಿಗೆ ಚೀಟಿಯ ನಾಲ್ಕನೇ ಹೆಸರು

ಜೂನ್ 9, ಸೋಮವಾರ. ಬೆಳಿಗ್ಗೆ 5.40

ನೀರು ಬಂತು. ಎರಡು ಡ್ರಮ್, ಏಳು ಬಿಂದಿಗೆ. ಮಗಳು ಧರಣಿ ಇನ್ನೂ ಎದ್ದಿಲ್ಲ. ಒಂಬತ್ತಕ್ಕೆ ನಾನು ಮೆಡಿಕಲ್ ಸ್ಟೋರಿನ ಕೆಲಸಕ್ಕೆ ಹೋಗಬೇಕು. ಎಲ್ಲ ಎಂದಿನಂತೆ... ಅತ್ತೆ ಹೋಗಿ ಇವತ್ತಿಗೆ ಐದು ದಿನ.

ಯಾರಿಗೂ ಹೇಳುವಂತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ, ಕೊನೆಗೂ ಉಪಯೋಗಕ್ಕೆ ಬಂತು.

ಅತ್ತೆ ತಮ್ಮ ತಂಗಿ ಚಿಕ್ಕಮಾದಮ್ಮನ ಊರಿಗೆ ಹೋದವರು ಅಲ್ಲೇ ಕಣ್ಣು ಮುಚ್ಚಿದರು. ಅಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಮಗ ಗುಂಡಿಯ ಮೇಲೆ ಹಾಲುತುಪ್ಪ ಬಿಡಬೇಕು. ನನ್ನ ಗಂಡ ಮಹಾರಾಯ ನಿಲ್ಲಲೇ ಇಲ್ಲ.

"ಹಾಲುತುಪ್ಪ, ತಿಥಿ ಅಂತ ಊರು ಸೇರಿದ್ರೆ ಸಾವು ಬರೆಸ್ಬುಡ್ತಾರೆ ಕಣೇ ಭಾನು. ಬರೆಸಿದ್ರೆ ಹೆಸರು ಹೋಯ್ತದೆ. ಹೆಸರು ಹೋದ್ರೆ ಮನೆ ಹೋಯ್ತದೆ. ತಪಾಸಣೆ ಒಂದು ಮುಗೀಲಿ."

ಚಿಕ್ಕಮಾದಮ್ಮ ಬಸ್ ಸ್ಟಾಪಿನವರೆಗೂ ಹಿಂದೆ ಬಂದರು. "ನೀನು ಹಾಲು ಬುಟ್ಟು 'ಹೋಗ್ಬಾ ಅವ್ವಾ' ಅನ್ನೋಗಂಟ ಅವಳು ಎಲ್ಲಿಗೆ ಹೋದಾಳು, ಸಿದ್ದೇಶ?"

ಅವನು ಬಸ್ ಹತ್ತಿ ಟಿಕೆಟ್ ತೆಗೆಯುವುದರಲ್ಲೇ ಇದ್ದ.

ನಮ್ಮ ಕಾಲೊನಿ ಕೆಡವಿ ಫ್ಲ್ಯಾಟ್ ಕಟ್ಟುತ್ತಿದ್ದಾರೆ. ಅದು ಮುಗಿಯುವವರೆಗೆ ಸರ್ಕಾರದ ಬಾಡಿಗೆ ಚೀಟಿ. ಬಾಡಿಗೆ ನೇರ ಓನರ್ ಖಾತೆಗೆ. ನಾಲ್ಕು ಜನರಿದ್ದರೆ ಎರಡು ಕೋಣೆಯ ಮನೆ. ಮೂರಾದರೆ ಒಂದು ಕೋಣೆ. ಅದು ಸಿಗುವುದು ರಿಂಗ್ ರೋಡಿನ ಆಚೆ, ಶೀಟ್ ಮನೆಗಳಲ್ಲಿ. ಹೋದ ವರ್ಷ, ಚೀಟಿ ಸಿಗುವ ಮುಂಚೆ, ಅಂಥದ್ದರಲ್ಲೇ ಧರಣಿಗೆ ಉಬ್ಬಸ ಶುರುವಾಗಿದ್ದು. ಆ ಮಗುವಿನ ಎದೆ ಗೊರಗುಟ್ಟುವುದನ್ನು ಇನ್ನೊಮ್ಮೆ ಕೇಳಲಾರೆ. ಬೋಗಾದಿಯ ಈ ಮನೆಗೆ ಬಂದ ಮೇಲೆ ಒಂದು ಸಲವೂ ಬಂದಿಲ್ಲ.

ಅದಕ್ಕೇ ನಾನೂ ಹೂಂ ಅಂದೆ. ಸುಳ್ಳು ಅವನೊಬ್ಬನದೇ ಅಲ್ಲ.

ಜೂನ್ 12, ಗುರುವಾರ. ಮಧ್ಯಾಹ್ನ

ತಪಾಸಣೆಯ ಪುನೀತ್ ಬಂದಿದ್ದ. ಒಳ್ಳೆಯ ಹುಡುಗನೇ, ಅವನ ಫೋನು ಮಾತ್ರ ಯಮದೂತ. ಮನೆಯವರ ಫೋಟೊ ತೆಗೆದರೆ ಆ್ಯಪ್ ತಲೆ ಎಣಿಸುತ್ತದೆ. ಕಡಿಮೆಯಾದರೆ ಕೆಂಪು.

ಸಿದ್ದೇಶ್ ಒಳಕೋಣೆಯಲ್ಲಿ ದಿಂಬು ಮಲಗಿಸಿ, ಅತ್ತೆಯ ಕಂಬಳಿ ಹೊದಿಸಿದ್ದ.

"ಅವ್ವಂಗೆ ಹುಷಾರಿಲ್ಲ ಸಾರ್, ಮಲಗವ್ರೆ."

"ಪರವಾಗಿಲ್ಲ ಬುಡಿ, ಇಲ್ಲಿಂದ್ಲೇ ತಗೋತೀನಿ."

ಬಾಗಿಲಲ್ಲೇ ನಿಂತು ಕ್ಲಿಕ್ಕಿಸಿದ. ನಾಲ್ಕು ತಲೆ. ಹಸಿರು. "ಮುಂದಿನ ಸಲ ಮುಖ ಬೇಕು ಅಕ್ಕ. ಕಣ್ಣು ಮಿಟುಕಿಸಬೇಕು. ಹೊಸ ರೂಲು."

ಅವನು ಹೋದ ಮೇಲೆ ಕಂಬಳಿ ಮಡಿಸಲು ಹೋದೆ. ದಿಂಬು ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಆ ಕೋಣೆಗೆ ಕಿಟಕಿ ಇಲ್ಲ.

ಜುಲೈ 23, ಬುಧವಾರ

ಒಂದೂವರೆ ತಿಂಗಳು ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ದೇವರ ದಯೆ. ಇವತ್ತು ಕೆಳಗಿನ ಮನೆಯ ಓನರ್ ಗಿರಿಜಾಂಬಾ ಮೆಟ್ಟಿಲಲ್ಲಿ ನಿಲ್ಲಿಸಿದರು.

"ನಿಮ್ಮತ್ತೆ ಈಗ ಆರಾಮಾಗಿದಾರೆ ಅಲ್ವೇನಮ್ಮ? ದಿನಾ ಬೆಳಿಗ್ಗೆ ಎಲೆ ಅಡಿಕೆ ಕುಟ್ಟೋ ಶಬ್ದ ಕೇಳುತ್ತೆ."

"ಹೂಂ, ಆರಾಮಾಗಿದಾರೆ" ಅಂದೆ. ಸುಳ್ಳು ಈಗ ಬಾಯಿಪಾಠ.

"ಕೆಳಗೆ ಬರೋಕೆ ಹೇಳಿ ಕಣಮ್ಮ. ನನಗೂ ಮಾತಿಗೆ ಯಾರೂ ಇಲ್ಲ."

ಆ ಕುಟ್ಟಾಣಿಯನ್ನು ಅತ್ತೆಯ ಜೊತೆಗೇ ಗುಂಡಿಗೆ ಇಟ್ಟಿದ್ದೆವು. ಇಟ್ಟವಳು ನಾನೇ.

ಆಗಸ್ಟ್ 16, ಶನಿವಾರ. ಬೆಳಿಗ್ಗೆ

ಧರಣಿ ಸ್ಕೂಲಿಗೆ ಹೊರಟು ನಿಂತಿದ್ದಳು. ಎರಡು ಜಡೆ, ಎಣ್ಣೆ ಹಚ್ಚಿ, ಹುಬ್ಬು ಮೇಲೇರುವಷ್ಟು ಬಿಗಿ. ನಾನು ಹಾಕಿದ್ದಲ್ಲ. ಅವರಪ್ಪನಿಗೆ ಟೈಲ್ಸ್ ಕೂರಿಸುವುದು ಗೊತ್ತೇ ಹೊರತು ಜಡೆ ಗೊತ್ತಿಲ್ಲ.

"ಯಾರೇ ಹಾಕಿದ್ದು?"

"ಅಜ್ಜಿ."

ಬೈಯಲಿಲ್ಲ. ಬಿಚ್ಚಲು ಹೋದೆ... ಬೆರಳು ಬರಲಿಲ್ಲ. ಹಾಗೇ ಕಳಿಸಿದೆ. ಇವತ್ತಿನಿಂದ ಧರಣಿ ನನ್ನ ಪಕ್ಕದಲ್ಲೇ ಮಲಗಲಿ.

ಸೆಪ್ಟೆಂಬರ್ 10, ಬುಧವಾರ

ಆದದ್ದು ಆದಂತೆ ಬರೆಯುತ್ತೇನೆ.

ಪುನೀತ್ ಹನ್ನೊಂದಕ್ಕೆ ಬಂದ. ಅತ್ತೆ ಊರಿಗೆ ಹೋಗಿದ್ದಾರೆ ಅನ್ನಬೇಕೆಂದು ಮಾತಾಗಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವನು "ಅಜ್ಜಿ ಇಲ್ಲೇ ಅವ್ರಲ್ಲ" ಅಂತ ಒಳಕೋಣೆಗೆ ಹೋದ. ನಾನೂ ಸಿದ್ದೇಶನೂ ಹಾಲ್‌ನಲ್ಲೇ ನಿಂತೆವು.

"ಅಜ್ಜಿ, ಈ ಕಡೆ ನೋಡಿ. ಹಾಂ. ಕಣ್ಣು ಮಿಟುಕಿಸಿ. ಇನ್ನೊಂದ್ಸಲ... ಆಯ್ತು, ಆಯ್ತು."

ನಗುತ್ತಾ ಹೊರಗೆ ಬಂದ. "ಚೆನ್ನಾಗವ್ರೆ ಬುಡಿ."

ಫೋಟೊ ತೋರಿಸಪ್ಪ ಅಂದೆ. ತೋರಿಸಿದ. ಅತ್ತೆಯೇ. ಕೆಳಗೆ ಹಸಿರು ಗುರುತು, ಇವತ್ತಿನ ತಾರೀಕು. ಬೈತಲೆ ತುಂಬ ಮಣ್ಣು.

ಕೋಣೆಗೆ ಹೋಗಿ ನೋಡಿದೆವು, ಬರೀ ಚಾಪೆ. ಸಿದ್ದೇಶ್ ಅಲ್ಲೇ ಕುಸಿದು ಕೂತು "ಅವ್ವಾ" ಅಂತ ಅತ್ತ. ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಸಾಕು. ಮನೆ ಹೋದರೆ ಹೋಗಲಿ ಅಂತ ಚೀಟಿ ಆಫೀಸಿಗೆ ಹೋಗಿ ಹೇಳಿಯೇಬಿಟ್ಟೆ. ಕೌಂಟರಿನ ಶಾರದ ಮೇಡಂ ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು.

"ಚಲುವಮ್ಮ. ಹೋದ ವಾರ ಕಣ್ಣು ಮಿಟುಕಿಸಿದಾರಲ್ರೀ. ಅತ್ತೆ ಮೇಲೆ ಕೋಪ ಇದ್ರೆ ಮನೇಲಿ ಜಗಳ ಆಡಿ. ಬದುಕಿರೋರನ್ನ ಸಾಯಿಸ್ಬೇಡಿ."

ಹಿಂದಿನ ಕ್ಯೂ ನಕ್ಕಿತು. ನನಗೂ ನಗು ಬಂತು, ಆಮೇಲೆ ಬಿಸಿಲಲ್ಲಿ ನಿಂತು ಅತ್ತುಬಿಟ್ಟೆ. ಮರಣ ಪತ್ರ ತಂದರೆ ಮಾತ್ರ ಹೆಸರು ತೆಗೆಯುತ್ತಾರಂತೆ.

ಮನೆಗೆ ಬಂದು ಹೇಳಿದೆ. ಸಿದ್ದೇಶ್ ಎದ್ದು ಕ್ಯಾಲೆಂಡರ್ ನೋಡಿದ. "ಭಾನುವಾರ ಮಾಲಯ ಅಮಾಸೆ. ಊರಿಗೆ ಹೋಗಿ ಹಾಲುತುಪ್ಪ ಬುಟ್ಟುಬರೋಣ. ಎಡೆನೂ ಇಕ್ಕೋಣ. ಸಾವೂ ಬರೆಸೋಣ. ಶೀಟ್ ಮನೆನಾದ್ರೂ ಸರಿ." ಮದುವೆಯಾದಾಗಿನಿಂದ ಅವನ ಮೇಲೆ ಇಷ್ಟು ಪ್ರೀತಿ ಬಂದದ್ದು ಇದೇ ಮೊದಲು. ಚಿಕ್ಕಮಾದಮ್ಮನಿಗೆ ಫೋನ್ ಮಾಡಿದೆವು.

ಸೆಪ್ಟೆಂಬರ್ 21, ಭಾನುವಾರ. ಬೆಳಿಗ್ಗೆ 7.15

ಹಾಲು, ತುಪ್ಪ, ಹೊಸ ಸೀರೆ, ಎಲ್ಲ ಚೀಲಕ್ಕೆ ತುಂಬಿ ಆಗಿತ್ತು. ಧರಣಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಗ ಸಿದ್ದೇಶನ ಫೋನಿಗೆ ಮೆಸೇಜ್ ಬಂತು.

ಅರವತ್ತು ದಾಟಿದ ಹಿರಿಯರಿರುವ ಕುಟುಂಬಗಳಿಗೆ ಬಾಡಿಗೆ ಚೀಟಿ ಇನ್ನೂ ಮೂರು ವರ್ಷ ಮುಂದುವರಿಕೆ. ಇದೇ ಮನೆ. ಮಂಜೂರು.

ಎರಡು ಸಲ ಓದಿದ. ನನ್ನ ಕೈಗೆ ಕೊಟ್ಟ. ನಾನೂ ಎರಡು ಸಲ ಓದಿದೆ. ಇಬ್ಬರೂ ಧರಣಿಯನ್ನೇ ನೋಡಿದೆವು. ಉಸಿರು ಸಲೀಸಾಗಿ ಆಡುತ್ತಿತ್ತು.

ಚೀಲವನ್ನು ಗೋಡೆಗೆ ಒರಗಿಸಿದ. "ಮೂರೇ ವರ್ಷ ಭಾನು. ಆಮೇಲೆ ಜೋರಾಗಿ ಮಾಡ್ಬುಡೋಣ." ನನ್ನ ಮುಖ ನೋಡದೆ ಹೇಳಿದ.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಮಗಳ ಚಪ್ಪಲಿ ನಾನೇ ಬಿಚ್ಚಿದೆ.

7.40

ಅವನು ಧರಣಿಯನ್ನು ಕರೆದುಕೊಂಡು ಅಂಗಡಿಗೆ ಹೋದ. ನಾನೊಬ್ಬಳೇ. ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಕೋಣೆಯಲ್ಲಿ ಹೊಸ ಸೀರೆಯ ಸರಬರ. ಚೀಲ ನೋಡಿದೆ, ಸೀರೆ ಇಲ್ಲ.

ಅತ್ತೆಯ ದನಿ. ಮೊದಲಿನ ಹಾಗೇ, ಮೆತ್ತಗೆ. "ಅವ್ವಾ ಭಾನೂ... ರೆಡಿಯಾಗಿ ಕುಂತಿವ್ನಿ. ಯಾವಾಗವ್ವ ನನ್ನ ಕಳಿಸಿಕೊಡೋದು?"

ನಾನು ಹೇಳಿದೆ, "ಅತ್ತೆ, ಇನ್ನು ಮೂರೇ ವರ್ಷ."