ತೊಗರಿ ಕಾಳಿನಷ್ಟು ಗ್ರಂಥಿ

ಗೋಕಾಕ, ಸೋಮವಾರ

ಯಮಕನಮರಡಿಯ ರಾಜಪ್ಪ ಕಾಕಾ ಅವರಿಗೆ ಸರಿತಾಳ ನಮಸ್ಕಾರ.

ಮುಂಜಾನೆಯಿಂದ ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೆ ಈ ಪತ್ರವನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಶ್ರಾವಣಕ್ಕೆ ಮೊದಲು ನಿಮ್ಮ ಮಟನ್ ಅಂಗಡಿಯ ಕುರಿ ತಲೆಗಳಿಂದ ಕಾಕಿ ನನ್ನ ಸಂಶೋಧನೆಗೆ ಮಿದುಳಿನೊಳಗಿನ ಪೀನಿಯಲ್ ಗ್ರಂಥಿ ತೆಗೆದುಕೊಟ್ಟಿದ್ದಳಲ್ಲ, ಅವುಗಳ ಸ್ಲೈಡು ಈಗ ನೋಡಿದೆ. ಆ ಗ್ರಂಥಿಯಲ್ಲಿ ಕತ್ತಲಾದೊಡನೆ ನಿದ್ದೆಯ ರಸ ಸ್ರವಿಸುವ ಕೋಶಗಳಿರುತ್ತವೆ, ನಡುನಡುವೆ ಅವಕ್ಕೆ ಆಸರೆಯ ಕೋಶಗಳು. ಕುಲಗೋಡದಿಂದ ತಂದ ಕುರಿಯದರಲ್ಲಿ, ಸ್ರವಿಸುವ ಕೋಶಗಳೊಳಗೆ ಇರಬಾರದ ಕೆಂಪು ಚುಕ್ಕೆಗಳಿವೆ. ಅವು ರೇಬೀಸಿನ ಗುರುತು, ಆ ಕುರಿಗೆ ಹುಚ್ಚುನಾಯಿ ಕಚ್ಚಿರಬೇಕು ಎಂದರು ನಮ್ಮ ಗೈಡ್ ಮೇಡಂ.

ಕೈಗವಸು ಕೊಟ್ಟಾಗ ಕಾಕಿ, "ತೊಗರಿ ಕಾಳಿನಷ್ಟ ಐತಿ, ಬರಿಗೈಲೆ ಮುಟ್ಟಿದ್ರನ ಸಿಗತೈತಿ" ಅಂದಿದ್ದಳು. ಅವತ್ತು ಎಲುಬು ಚುಚ್ಚಿದ ಬೆರಳಿಗೆ ಅರಿಷಿಣ ಹಚ್ಚಿಕೊಂಡಿದ್ದಳು.

ಆ ತಲೆ ಮುಟ್ಟಿದವರೆಲ್ಲ ಇವತ್ತೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ.

"ನಿಮ್ಮ ಕಾಕಿಗೆ ನಿದ್ದಿ ಹತ್ತವಲ್ದು" ಎಂದು ಮೊನ್ನೆ ನೀವು ಹೇಳಿದಾಗ, ಈ ರೋಗ ಹಾಗೂ ಶುರುವಾಗುತ್ತದೆಂದು ತಿಳಿಯದೆ ನಾನು ನಕ್ಕುಬಿಟ್ಟೆ. ಈಗ ಒಂದೇ ಕೇಳುತ್ತೇನೆ. ನೀರಿನ ತಂಬಿಗೆ ಮುಂದೆ ಹಿಡಿದರೆ ಕಾಕಿ ಕುಡಿಯುತ್ತಾಳೋ, ಮುಖ ತಿರುಗಿಸುತ್ತಾಳೋ, ಅದನ್ನು ಇದೇ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿ.

ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ.

ನಿಮ್ಮ ಮನೆಯ ಮಗಳು,
ಸರಿತಾ