ಗೂಡ್ಸ್ ಡಬ್ಬಿಯ ಕೊಂಡಿಗಳು

ಮಲ್ಲಂದೂರು
೧೨ ಫೆಬ್ರವರಿ ೨೦೨೪

ಪ್ರೀತಿಯ ಅಕ್ಕ,

ನೀನು, ಭಾವ, ಪುಟ್ಟಿ ಎಲ್ಲ ಹುಷಾರಾಗಿದ್ದೀರಾ? ಸಂಕ್ರಾಂತಿಗೆ ನೀನು ಹಾಕಿದ ಕಾಗದಕ್ಕೆ ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ.

ಕಾಫಿ ಕಣದ ಪಕ್ಕದ ಹಳೇ ಗೂಡ್ಸ್ ರೈಲಿನ ಡಬ್ಬಿ ನೆನಪಿದೆಯಲ್ಲ? ಅವ್ವನ ಕಾಲದಲ್ಲಿ ಹಣ್ಣು ಕೊಯ್ಯುವ ಹೆಂಗಸರು ಕೂಸುಗಳನ್ನು ಅದರೊಳಗೆ ಮಲಗಿಸಿ ಹೋಗುತ್ತಿದ್ದರು. ತೋಟದ ಯಜಮಾನರು ಷಡಕ್ಷರಿಯವರು ಈಗ ಅದನ್ನು ರೈಲ್ವೆಯಲ್ಲಿದ್ದಾಗ ಹೇಗಿತ್ತೋ ಹಾಗೇ ಮಾಡಿಸುತ್ತಿದ್ದಾರೆ. ಮೈಸೂರಿನ ಶಶಿಕಿರಣ್ ಅಂತ ಒಬ್ಬರು ಬಂದಿದ್ದಾರೆ. ತುಕ್ಕು ಉಜ್ಜಿ, ಬಣ್ಣ ಕೆರೆದು, ಅಡಿಯಲ್ಲಿ ರೈಲ್ವೆಯ ಬಿಳಿ ಅಂಕಿಗಳು ಕಂಡ ದಿನ ಅವರು ಕೆಲಸದವರಿಗೆಲ್ಲ ಬೋಂಡ ತರಿಸಿದರು. ಪಕ್ಕದಲ್ಲಿ ನಿಲ್ಲಿಸುವ ಫಲಕ ಬರೆಯುವುದು ನನ್ನ ಪಾಲಿಗೆ ಬಂತು. "ಎಂ.ಎ. ಮಾಡಿದ್ದೀಯಲ್ಲ, ಬರಿಯಮ್ಮ" ಅಂದರು ಯಜಮಾನರು.

ಒಳಗೆ ಚಾವಣಿಯಲ್ಲಿ ಐದು ಕಬ್ಬಿಣದ ಕೊಂಡಿಗಳಿದ್ದವು, ಸೀರೆಯ ಜೋಲಿ ಕಟ್ಟಲು. ಅವನ್ನೂ ಕತ್ತರಿಸಿ ತೆಗೆಯುವುದೆಂದಾಯಿತು. ಬಾಗಿಲ ಕಡೆಯದು ರವಿಯಣ್ಣನದಂತೆ. ನಿನ್ನ ಬೆನ್ನಿಗೆ ಹುಟ್ಟಿ ಒಂಬತ್ತೇ ತಿಂಗಳಿಗೆ ಹೋದವನದು ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ಕೊಂಡಿಯ ವಿಷಯ ಮೊನ್ನೆ ಅವ್ವ ಹೇಳಿದಾಗಲೇ ನನಗೆ ಗೊತ್ತಾದದ್ದು.

"ಅದೊಂದು ಬಿಟ್ಟುಬಿಡಿ ಅಂತ ಕೇಳೇ ಮಾರಾಯ್ತಿ. ಓದಿದವಳು, ನಿನ್ನ ಮಾತು ನಡೀತದೆ" ಅಂದಳು.

ನಿನ್ನೆ ಬೆಳಿಗ್ಗೆ ಇಬ್ಬರೂ ಹೋದೆವು. ಶಶಿಕಿರಣ್ ಕಟರ್ ಹಿಡಿದಿದ್ದರು. ನಾನು ಬಾಯಿ ತೆರೆಯದ್ದು ನೋಡಿ ಅವ್ವನೇ ಕೇಳಿದಳು.

"ಅದು ಮೂಲದ್ದಲ್ಲಮ್ಮ. ಯಾರೋ ಆಮೇಲೆ ಸೇರಿಸಿದ್ದು."

"ಯಾರೋ ಅಲ್ಲ ಸಾರ್, ವೆಲ್ಡಿಂಗ್ ಚೌಡಯ್ಯ!" ಅಂದಳು ಅವ್ವ.

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಅಷ್ಟರಲ್ಲಿ ಯಜಮಾನರ ಜೀಪು ಬಂತು. ಅವ್ವ ಸೆರಗು ಹೊದ್ದು ಪಕ್ಕಕ್ಕೆ ಸರಿದಳು, ನನ್ನ ಮುಖ ನೋಡಿದಳು. ನಾನು ಯಜಮಾನರಿಗೆ ಕೈ ಮುಗಿದೆ ಅಕ್ಕ, ಅಷ್ಟೇ. ಕಿಡಿ ಹಾರಿತು, ಐದೂ ಕೆಳಗೆ ಬಿದ್ದವು. ಕೆಲಸದವನೊಬ್ಬ ಅವನ್ನು ಗುಡ್ಡೆ ಮಾಡಿ, "ಬೇಕಾದ್ದು ತಗೊಳ್ಳಮ್ಮ" ಅಂದ. ಅವ್ವ ಒಂದೊಂದನ್ನೇ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟಳು. ಎಲ್ಲವೂ ಒಂದೇ ಥರ ಇದ್ದವು.

ಲೈನ್ ಮನೆಗೆ ಬರುವ ದಾರಿಯುದ್ದಕ್ಕೂ ನನಗೇ ಸಮಾಧಾನ ಹೇಳಿದಳು: "ದೊಡ್ಡೋರ ಕೆಲಸ, ಪಾಪ ನೀನೇನು ಮಾಡ್ತೀಯ."

ಭಾವನಿಗೆ ನಮಸ್ಕಾರ. ಪುಟ್ಟಿಗೆ ದೃಷ್ಟಿ ತೆಗೆಯಬೇಕಂತೆ, ನಿಮ್ಮ ಮನೆ ತಣ್ಣಗಿರಲಂತೆ. ಅವ್ವ ಹೇಳಿ ಬರೆಸಿದ್ದು.

ನಿನ್ನ ತಂಗಿ,
ಮೋನಿಕಾ

ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ: ಇದನ್ನು ಅವ್ವನಿಗೆ ಹೇಳಬೇಡ. ಡಬ್ಬಿಗೆ ಆಮೇಲೆ ಸೇರಿಸಿದ್ದು ಏನೇನಿದೆ ಎಂದು ಪಟ್ಟಿ ಮಾಡಿದವಳು ನಾನೇ, ಹೋದ ತಿಂಗಳು. ಕೊಂಡಿಗಳು ಮಸಿ ಹಿಡಿದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಟಾರ್ಚ್ ಹಾಕಿ ಹುಡುಕಿ, "ಉಪಯೋಗ ತಿಳಿಯದು" ಎಂದು ಶಶಿಕಿರಣ್ ಅವರಿಗೆ ಬರೆದುಕೊಟ್ಟೆ. ಅವ್ವನನ್ನು ಒಂದು ಮಾತು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.